ನಸುಗುನ್ನಿ ದೇಶ ಸುತ್ತಿದ ಕತೆ

ನಸುಗುನ್ನಿ ಎಂದರೆ ನಮಗೆ ಮೊದಲು ನೆನಪಾಗುವುದು ತುರಿಕೆ. ಬೇಲಿಗೆ ಹಬ್ಬಿದ ಆ ಬಳ್ಳಿಯ ಕಾಯಿಯ ಕಂದು ರೋಮ ಒಮ್ಮೆ ಮೈಗೆ ತಾಗಿದವರಿಗೆ ಅದರ ಪರಿಚಯ ಮತ್ತೆ ಹೇಳಬೇಕಿಲ್ಲ. ಅದೇ ಜಾತಿಯ ತುರಿಸದ ತಳಿಗಳು ಕಳೆದ ನೂರು ವರ್ಷಗಳಲ್ಲಿ ಮಧ್ಯ ಅಮೆರಿಕ ಮತ್ತು ಆಫ್ರಿಕಾದ ಹೊಲಗಳಿಗೆ ನೆಲ ಮುಚ್ಚುವ ಹೊದಿಕೆ ಬೆಳೆಯಾಗಿ ಹೋಗಿವೆ. ಆ ಚರಿತ್ರೆಯನ್ನು ಹಿಡಿದು ಹೊರಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೆಲ ಫಲವತ್ತಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೊದಿಕೆ ಬೆಳೆ ಹಾಕಿದ ರೈತರು ವಿರಳ. ಕಳೆಯ ಕೂಲಿ ಅದೇ ವರ್ಷ ಉಳಿದಾಗ ಹಾಕಿದ್ದಾರೆ, ಆ ಲಾಭ ತಪ್ಪಿದಾಗ ಬಿಟ್ಟಿದ್ದಾರೆ.

ನಸುಗುನ್ನಿಯಂಥ ದ್ವಿದಳ ಧಾನ್ಯ ಜಾತಿಯ ಸಸ್ಯಗಳು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಎಂದು ಜರ್ಮನಿಯ ವಿಜ್ಞಾನಿ ಹೆಲ್‌ರೀಗೆಲ್ 1886ರಲ್ಲಿ ಪ್ರಕಟಿಸಿದ. ಆದರೆ ನಸುಗುನ್ನಿ ಗ್ವಾಟೆಮಾಲಾ ತಲುಪಿದ್ದು ಈ ವಿಜ್ಞಾನದ ಬೆನ್ನೇರಿ ಅಲ್ಲ. 1920ರ ದಶಕದಲ್ಲಿ ಬಾಳೆ ತೋಟದ ಕಂಪನಿಯವರು ಹೇಸರಗತ್ತೆಗಳ ಮೇವಿಗೆಂದು ಅದನ್ನು ತಂದರು. ತೋಟದ ಕೂಲಿಗಳು ಬೀಜವನ್ನು ತಮ್ಮ ಮೆಕ್ಕೆಜೋಳದ ಹೊಲಕ್ಕೆ ಒಯ್ದರು. ಮುಂದೆ ಅದು ಉತ್ತರ ಹೊಂಡುರಾಸ್‌ನ ಗುಡ್ಡಗಳಿಗೂ ಹಬ್ಬಿತು, ಒಬ್ಬರ ಹೊಲ ನೋಡಿ ಇನ್ನೊಬ್ಬರು ಹಾಕಿದ್ದರಿಂದಲೇ. ಅಲ್ಲಿ ಮಳೆಗಾಲದಲ್ಲಿ ಹೊಲ ಬಳ್ಳಿಗೇ ಮೀಸಲು. ಡಿಸೆಂಬರ್ ಹೊತ್ತಿಗೆ ಅದನ್ನು ಮಚ್ಚಿನಿಂದ ಕೊಚ್ಚಿ ನೆಲದ ಮೇಲೆಯೇ ಬಿಡುತ್ತಾರೆ. ಆ ದಪ್ಪ ಮುಚ್ಚಿಗೆಯ ನಡುವೆ ಕೋಲಿನಿಂದ ತೂತು ಮಾಡಿ ಮೆಕ್ಕೆಜೋಳದ ಕಾಳು ಊರುತ್ತಾರೆ. ಉಳುಮೆ ಇಲ್ಲ, ಬೆಂಕಿ ಹಾಕುವುದಿಲ್ಲ, ಕಳೆ ತಲೆ ಎತ್ತುವುದು ಕಡಿಮೆ. ಉದುರಿದ ಬೀಜದಿಂದ ಬಳ್ಳಿ ತಾನೇ ಮತ್ತೆ ಹುಟ್ಟುತ್ತದೆ. ಮಣ್ಣಿನ ತೇವ ಉಳಿದು ಬೇಸಿಗೆಯ ಬೆಳೆ ಕೈಗೆ ಬರುವಾಗ ಪೇಟೆಯಲ್ಲಿ ಮೆಕ್ಕೆಜೋಳಕ್ಕೆ ಒಳ್ಳೆಯ ಧಾರಣೆ. ಸಾರಜನಕ ಇವೆಲ್ಲದರ ಜೊತೆಗೆ ಸಿಕ್ಕ ಕೊಸರು.

ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ 1980ರ ದಶಕದ ಕೊನೆಗೆ ಸಂಶೋಧಕರು ನಸುಗುನ್ನಿಯನ್ನು ತೋರಿಸಿದ್ದು ಸವಕಲು ನೆಲಕ್ಕೆ ಮದ್ದು ಎಂದು. ರೈತರ ಕಣ್ಣು ಬಿದ್ದದ್ದು ಬೇರೆ ಕಡೆ. ಕಿತ್ತಷ್ಟೂ ನೆಲದೊಳಗಿನ ಗೆಡ್ಡೆಯಿಂದ ಚಿಗುರುವ ಇಂಪೆರಾಟಾ ಹುಲ್ಲು ಈ ಬಳ್ಳಿಯ ನೆರಳಿನಲ್ಲಿ ಸೊರಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಸಾವಿರಾರು ರೈತರು ಬಿತ್ತಿದರು. ಇಷ್ಟು ಒಳ್ಳೆಯದಾದರೆ ಮುಂದೆ ಯಾಕೆ ಕೈಬಿಟ್ಟರು ಎಂದು ಕೇಳಬಹುದು. ಆ ಬೀಜದಲ್ಲಿ ಎಲ್-ಡೋಪಾ ಎಂಬ ರಾಸಾಯನಿಕ ಇರುವುದರಿಂದ ಅದನ್ನು ನೇರವಾಗಿ ಬೇಯಿಸಿ ಉಣ್ಣುವಂತಿಲ್ಲ. ಬಳ್ಳಿಯನ್ನು ಹರಡುತ್ತಿದ್ದ ಯೋಜನೆಗಳು ಬೀಜ ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಅದಕ್ಕೆ ಗಿರಾಕಿಯೂ ಇರಲಿಲ್ಲ. ಹೊಂಡುರಾಸ್‌ನಲ್ಲೂ ಜಮೀನು ದನದ ಹುಲ್ಲುಗಾವಲಾದಲ್ಲಿ ಬಳ್ಳಿ ಹೋಯಿತು. ಮಣ್ಣಿಗೆ ಆಗುತ್ತಿದ್ದ ಉಪಕಾರ ಎರಡೂ ಕಡೆ ಮೊದಲಿನಷ್ಟೇ ಇತ್ತು. ಆದರೂ ಬಳ್ಳಿ ಕೈಬಿಟ್ಟದ್ದನ್ನು ರೈತರ ಅಜ್ಞಾನ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ನಸುಗುನ್ನಿಯ ದಾಯಾದಿಯೇ ಆದ ಮ್ಯೂಕುನಾ ಬ್ರ್ಯಾಕ್ಟಿಯಾಟಾ ನೆಲ ಮುಚ್ಚಿದೆ. ಈಶಾನ್ಯ ಭಾರತದಿಂದ ಬಂದ ಈ ಬಳ್ಳಿಯನ್ನು ದನ ಮೇಯುವುದಿಲ್ಲ, ಕಳೆ ಸವರುವ ಆಳಿನ ಖರ್ಚು ಉಳಿಯುತ್ತದೆ. ಎಳೆ ಗಿಡಕ್ಕೆ ಸುತ್ತಿಕೊಳ್ಳದಂತೆ ಬುಡ ಬಿಡಿಸುತ್ತಿರಬೇಕು ಎಂಬ ತಾಪತ್ರಯ ಮಾತ್ರ ಇದೆ. ಭತ್ತದ ಗದ್ದೆಗೆ ನಾಟಿಗೆ ಮುಂಚೆ ಸೆಣಬು, ಡಯಂಚದಂಥ ಹಸಿರು ಗೊಬ್ಬರದ ಗಿಡ ಹಾಕಿ ಒಂದೂವರೆ ತಿಂಗಳಿಗೆ ಮಗುಚುವುದೂ ಹೊಂದುತ್ತದೆ, ಆಗ ಗದ್ದೆ ಹೇಗೂ ಖಾಲಿ. ಆದರೆ ಸುಮಾರು 600 ಮಿಲಿಮೀಟರ್ ಮಳೆಯ ವಿಜಯಪುರದ ಎರೆ ಹೊಲದಲ್ಲಿ ಮುಂಗಾರಿಗೆ ಹೊದಿಕೆ ಹಾಕಿದರೆ ಹಿಂಗಾರಿ ಜೋಳದ ತೇವವನ್ನು ಅದೇ ಕುಡಿದೀತು ಎಂಬ ಆಕ್ಷೇಪ ನ್ಯಾಯವಾದದ್ದು. ಅಂಥ ಕಡೆ ಬೆಳೆಯ ಜೊತೆಗೇ ಬೆಳೆಯುವ ಹೊದಿಕೆ ಬೇಕು. ಹಳೆ ಮೈಸೂರಿನ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ಉತ್ತರ ಕರ್ನಾಟಕದ ತೊಗರಿ ಮಾಡುತ್ತಿರುವುದು ಇದನ್ನೇ. ಕಾಳಿನ ಜೊತೆ ಸಾರಜನಕದ ದೊಡ್ಡ ಪಾಲು ಹೊಲ ಬಿಟ್ಟು ಹೋಗುತ್ತದೆ, ಹಾಗಾಗಿ ಇದು ಅರ್ಧ ಗೊಬ್ಬರ ಎಂದು ತಜ್ಞರು ಹೇಳುವುದು ಸರಿ. ಆದರೂ ಉದುರಿದ ಎಲೆ, ಬೇರು ನೆಲಕ್ಕೇ ಸೇರುತ್ತವೆ, ಕಾಳಿಗೆ ಸಂತೆಯಲ್ಲಿ ಬೆಲೆಯಿದೆ; ಬೆನಿನ್‌ನ ಬೀಜಕ್ಕೆ ಅದು ಇರಲಿಲ್ಲ.