ನಾನು ರೆಕಾರ್ಡ್ ಮಾಡದ ಹಾಡು

ಇವತ್ತಿನ ಎಪಿಸೋಡ್ ಒಂದು ಹಾಡಿನ ಬಗ್ಗೆ. ಆದರೆ ಆ ಹಾಡು ನನ್ನ ಫೋನ್‌ನಲ್ಲಿ ಇಲ್ಲ, ಹಾಗಾಗಿ ನಿಮಗೆ ಕೇಳಿಸೋಕೂ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ಕೊಚ್ಚಿಯಲ್ಲಿ ನನ್ನ ಫ್ರೆಂಡ್ ಒಬ್ಬಳು ಟೂರ್ ಗೈಡ್. ಒಂದು ಗ್ರೂಪ್ ಬರ್ತಿದೆ, ಖರ್ಚಿನ ಲೆಕ್ಕ ಬರ್ಕೊಳ್ಳೋಕೆ ಬಾ ಅಂತ ಕರೆದಳು. ಬಿ.ಕಾಂ. ಮಾಡಿದ್ದಕ್ಕೆ ನನಗೆ ಸಿಕ್ಕಿರೋ ಮರ್ಯಾದೆ ಇಷ್ಟೇ! ಹೋದೆ. ಇಸ್ರೇಲ್‌ನಿಂದ ಬಂದ 14 ಹುಡುಗಿಯರು, 19-20 ವಯಸ್ಸು, ಜೊತೆಗೆ ಒಬ್ಬರು ಟೀಚರ್. ಸ್ಕೂಲ್ ಮುಗಿಸಿ ಒಂದು ವರ್ಷ ತಮ್ಮ ಧರ್ಮಗ್ರಂಥಗಳನ್ನ ಓದ್ತಿರೋ ಹುಡುಗಿಯರು. ಕೇರಳದ ಯಹೂದಿಗಳ ಬಗ್ಗೆ ಕಲಿಯೋಕೆ ಬಂದಿದ್ರು. ಅವರಲ್ಲಿ ಒಬ್ಬಳ ಅಜ್ಜಿ ಹುಟ್ಟಿದ್ದೇ ಕೊಚ್ಚಿಯಲ್ಲಿ. 1950ರ ದಶಕದಲ್ಲಿ ಇಲ್ಲಿನ ಬಹುತೇಕ ಯಹೂದಿಗಳು ಇಸ್ರೇಲ್‌ಗೆ ಹೋದಾಗ, ಆ ಅಜ್ಜಿಯೂ ಸಣ್ಣ ಹುಡುಗಿಯಾಗಿ ಹಡಗು ಹತ್ತಿದ್ದರಂತೆ.

ಬೆಳಗ್ಗೆ ಮಟ್ಟಾಂಚೇರಿಯ ಪರದೇಸಿ ಸಿನಗಾಗ್‌ಗೆ ಹೋದ್ವಿ. 1568ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ. ಚಪ್ಪಲಿ ಹೊರಗೆ ಬಿಡಬೇಕು. ಹುಡುಗಿಯರಿಗೆ ಇದು ಹೊಸದು, ಅವರ ಊರಿನ ಸಿನಗಾಗ್‌ಗಳಲ್ಲಿ ಹೀಗಿಲ್ಲ. ನನಗೆ ಮಾತ್ರ ನಮ್ಮೂರಿನ ದೇವಸ್ಥಾನಕ್ಕೆ ಹೋದ ಹಾಗೇ ಇತ್ತು. ಕಾಲ ಕೆಳಗೆ ಚೀನಾದಿಂದ ಬಂದ ನೀಲಿ-ಬಿಳಿ ಟೈಲ್ಸ್, ಒಂದೊಂದರ ಮೇಲೂ ಕೈಯಲ್ಲೇ ಬಿಡಿಸಿದ ಚಿತ್ರ.

ಅಲ್ಲಿ ಟೀಚರ್ ಎರಡು ವಿಷಯ ಹೇಳಿದರು. ಒಂದು, ಸಾಂಪ್ರದಾಯಿಕ ಪದ್ಧತಿಯಲ್ಲಿ ಸಾಮೂಹಿಕ ಪ್ರಾರ್ಥನೆ ಪೂರ್ತಿಯಾಗಿ ನಡೀಬೇಕಂದ್ರೆ ಕನಿಷ್ಠ 10 ವಯಸ್ಕ ಗಂಡಸರು ಬೇಕು. ಹೆಂಗಸರು ಆ ಲೆಕ್ಕಕ್ಕೆ ಬರಲ್ಲ. ಈಗ ಮಟ್ಟಾಂಚೇರಿಯಲ್ಲಿ ಯಹೂದಿಗಳು ಹೆಚ್ಚುಕಡಿಮೆ ಉಳಿದೇ ಇಲ್ಲ, ಹತ್ತು ಜನ ಸೇರಿಸೋದೇ ಕಷ್ಟ. ಎರಡು, ಇದೇ ಸಿನಗಾಗ್‌ನಲ್ಲಿ ಒಂದು ಕಾಲಕ್ಕೆ ಬಿಡುಗಡೆಯಾದ ಗುಲಾಮರ ವಂಶದವರು ಅಂತ ಕರೆಸಿಕೊಂಡ ಯಹೂದಿಗಳಿಗೆ ಬೆಂಚಿನ ಮೇಲೆ ಕೂರೋ ಹಕ್ಕೂ ಇರಲಿಲ್ಲ. ಅದೇ ಸಮುದಾಯದ ವಕೀಲ ಎ.ಬಿ. ಸೇಲಂ ಇದರ ವಿರುದ್ಧ ಸತ್ಯಾಗ್ರಹ ಮಾಡಿದರು. ಅವರನ್ನ 'ಯಹೂದಿ ಗಾಂಧಿ' ಅಂತಲೇ ಜನ ಕರೀತಿದ್ದರು.

ಒಂದು ಹುಡುಗಿ ತಟ್ಟನೆ ಕೇಳಿದಳು: "ಅಂದ್ರೆ ಲೆಕ್ಕಕ್ಕೆ ಯಾರು ಬರ್ತಾರೆ ಅನ್ನೋದು ಬದಲಾಗುತ್ತೆ, ಅಲ್ವಾ?" ಟೀಚರ್ ನಕ್ಕರು. "ಕೆಲವು ಬದಲಾಗುತ್ತೆ, ಕೆಲವು ಇಲ್ಲ. ಅದನ್ನ ಕಲಿಯೋಕೇ ಬಂದಿದ್ದೀವಿ" ಅಂದರು.

ಮಧ್ಯಾಹ್ನ ಊಟದ್ದೇ ಕಥೆ. ಕೋಷರ್ ನಿಯಮ ಪಾಲಿಸೋದ್ರಿಂದ ಹೋಟೆಲ್ ಊಟ ಇಲ್ಲ. ಬಾಳೆಹಣ್ಣು, ಎಳನೀರು, ಊರಿಂದ ತಂದ ಬಿಸ್ಕತ್ತು. ನನ್ನ ಖರ್ಚಿನ ಪುಸ್ತಕದಲ್ಲಿ ಊಟದ ಕಾಲಂ ಅಷ್ಟು ಚಿಕ್ಕದಾಗಿದ್ದ ದಿನ ಇನ್ನೊಂದಿಲ್ಲ.

ಆಮೇಲೆ ಟೆಂಪೋ ಟ್ರಾವೆಲರ್‌ನಲ್ಲಿ ಚೇಂದಮಂಗಲಂ ಕಡೆ ಹೊರಟ್ವಿ. ಅಲ್ಲಿನ ಸಿನಗಾಗ್ ಈಗ ಮ್ಯೂಸಿಯಂ. ಅದರ ಮುಂದೆ ಒಂದು ಸಮಾಧಿ ಕಲ್ಲಿದೆ. ಮೇಲೆ ಹೀಬ್ರೂ ಅಕ್ಷರ. ಹುಡುಗಿಯರು ಬಗ್ಗಿ ಓದಿದರು: ಸಾರಾ, ಇಸ್ರೇಲ್ ಅನ್ನೋರ ಮಗಳು. 1269ನೇ ಇಸವಿಯದು. ಏಳೂವರೆ ಶತಮಾನದ ಹಿಂದಿನ ಒಬ್ಬ ಹೆಂಗಸಿನ ಹೆಸರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ವಾಪಸ್ ಬರುವಾಗ ಟೀಚರ್ ಹಾಡುಗಳ ವಿಷಯ ತೆಗೆದರು. ಕೇರಳದ ಯಹೂದಿ ಹೆಂಗಸರು ಮಲಯಾಳಂನಲ್ಲಿ ಹಾಡ್ತಿದ್ದರು. ಮದುವೆ ಹಾಡು, ಧರ್ಮಗ್ರಂಥದ ಕಥೆ, ಸಿನಗಾಗ್ ಕಟ್ಟಿದ ಕಥೆ. ಎಲ್ಲವನ್ನೂ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟು, ಹೆಂಗಸರಿಂದ ಹೆಂಗಸರಿಗೆ ದಾಟಿಸಿದರು. ಸೇಲಂ ಅವರ ಸಮುದಾಯದಲ್ಲೇ ಹುಟ್ಟಿ, 1951ರಲ್ಲಿ ಇಸ್ರೇಲ್‌ಗೆ ಹೋದ ರೂಬಿ ಡೇನಿಯಲ್ ಇಂಥ ಎಷ್ಟೋ ಹಾಡುಗಳನ್ನ ಇಂಗ್ಲಿಷ್‌ಗೆ ತಂದರು. ಅವರ ನೆನಪುಗಳ ಪುಸ್ತಕ 1995ರಲ್ಲಿ ಬಂತು. ಹತ್ತರ ಲೆಕ್ಕದಲ್ಲಿ ಸೇರದವರೇ ಇಷ್ಟನ್ನೂ ಉಳಿಸಿದ್ದು.

ಆಗ ಆ ಕೊಚ್ಚಿ ಅಜ್ಜಿಯ ಮೊಮ್ಮಗಳು ಅಂದಳು: "ನನಗೆ ಒಂದು ಹಾಡು ಬರುತ್ತೆ. ಅರ್ಥ ಗೊತ್ತಿಲ್ಲ. ಅಜ್ಜಿ ಈಗಿಲ್ಲ."

ಹಾಡು ಅಂತ ಎಲ್ಲರೂ ಕೂಗಿದ್ರು. ಅವಳು ಡ್ರೈವರ್ ಕಡೆ ನೋಡಿ ಸುಮ್ಮನಾದಳು. ಅವರ ಪದ್ಧತಿ ಪ್ರಕಾರ ಹೆಣ್ಣುಮಕ್ಕಳು ಹೊರಗಿನ ಗಂಡಸರ ಮುಂದೆ ಹಾಡೋ ಹಾಗಿಲ್ಲ. ಒಬ್ಬಳು ವಾದಕ್ಕಿಳಿದಳು: "ಆದ್ರೆ ಕೊಚ್ಚಿಯಲ್ಲಿ ಹೆಂಗಸರು ಗಂಡಸರ ಎದುರೇ ಹಾಡ್ತಿದ್ದರು ಅಂತ ನೀವೇ ಹೇಳಿದ್ರಲ್ಲ!" ಟೀಚರ್ ಅಂದರು: "ಹೌದು, ಅದು ಅವರ ಪದ್ಧತಿ. ಇವಳು ಯಾವುದನ್ನ ಪಾಲಿಸ್ತಾಳೋ ಇವಳೇ ಹೇಳಲಿ."

ನನ್ನ ಫ್ರೆಂಡ್ ಡ್ರೈವರ್‌ಗೆ ಮೆಲ್ಲಗೆ ವಿಷಯ ತಿಳಿಸಿದಳು. ಚೇಟ್ಟ ಒಂದು ಮಾತೂ ಆಡದೆ ಗಾಡಿ ಸೈಡಿಗೆ ಹಾಕಿ, ಎದುರಿನ ಅಂಗಡಿಗೆ ಚಾಯ ಕುಡಿಯೋಕೆ ಹೋದರು.

ಕೈ ತನ್ನಷ್ಟಕ್ಕೇ ಫೋನ್ ತೆಗೀತು. ರೆಕಾರ್ಡ್ ಮಾಡ್ಲಾ ಅಂತ ಕೇಳಿದೆ. ಅವಳು ಬೇಡ ಅಂತ ತಲೆಯಾಡಿಸಿದಳು. ನಿಜ ಹೇಳ್ತೀನಿ, ಹೊಟ್ಟೆ ಉರೀತು. ಪಾಡ್‌ಕಾಸ್ಟ್ ಮಾಡೋರಿಗೆ ಇದಕ್ಕಿಂತ ಸಂಕಟ ಬೇರೆ ಇಲ್ಲ. ಫೋನ್ ಬ್ಯಾಗಿಗೆ ಹಾಕಿದೆ. ಅವಳು ಹಾಡಿದಳು. ಎರಡು ನಿಮಿಷ ಇರಬಹುದು.

ಹಾಡಲ್ಲಿ 'ಕಿಳಿ' ಅನ್ನೋ ಪದ ಪದೇ ಪದೇ ಬಂತು. ನಾನು ಅಂದೆ: "ನಮ್ಮ ಭಾಷೇಲಿ ಗಿಳಿ ಅಂದ್ರೆ ಪ್ಯಾರಟ್. ಅದೇ ಇರಬಹುದು." ಅವಳು ಬಾಯಿ ತೆರೆದು ನೋಡಿದಳು. "ಅದು ಯಾವುದೋ ಊರಿನ ಹೆಸರು ಅಂದ್ಕೊಂಡಿದ್ದೆ" ಅಂದಳು.

ಉಳಿದ ಪದಗಳಿಗೆ ನನ್ನ ಕನ್ನಡ ಸಾಲಲಿಲ್ಲ. ಆ ಗಾಡಿಯ ಪ್ರಯಾಣದಲ್ಲಿ ಹಳೇ ಮಲಯಾಳಂ ಬಿಡಿಸಿ ಹೇಳಬಲ್ಲವರು ಒಬ್ಬರೇ: ಹಾಡು ಕೇಳಬಾರದು ಅಂತ ನಾವು ಕೆಳಗಿಳಿಸಿದ ಡ್ರೈವರ್! ನನ್ನ ಫ್ರೆಂಡ್ ಬೆಂಗಳೂರಲ್ಲಿ ಬೆಳೆದವಳು, ಮಾತಾಡೋಷ್ಟು ಮಲಯಾಳಂ ಮಾತ್ರ ಬರೋದು.

ಟೀಚರ್ರೇ ದಾರಿ ಹೇಳಿದರು. "ಹಾಡೋದು ಬೇಡ, ಪದಗಳನ್ನ ಮಾತಿನ ಹಾಗೆ ಹೇಳು." ಎಲ್ಲರೂ ಇಳಿದು ಚಾ ಅಂಗಡಿಗೆ ಹೋದ್ವಿ. ಅವಳು ಒಂದೊಂದೇ ಪದ ಹೇಳಿದಳು. ಚೇಟ್ಟ ಗ್ಲಾಸ್ ಕೆಳಗಿಟ್ಟು, ಕಣ್ಣು ಮುಚ್ಚಿ ಕೇಳಿ, ಗೊತ್ತಾಗಿದ್ದಕ್ಕೆ ಅರ್ಥ ಹೇಳಿದರು. ಕೆಲವಕ್ಕೆ ತಲೆ ಅಲ್ಲಾಡಿಸಿ "ಇದು ನಮ್ಮಮ್ಮನಿಗೆ ಗೊತ್ತಿರುತ್ತೆ" ಅಂದು, ಅಲ್ಲಿಂದಲೇ ಮನೆಗೆ ಫೋನ್ ಮಾಡಿದರು. ಅವಳು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಹೀಬ್ರೂ ಲಿಪಿಯಲ್ಲಿ ಬರ್ಕೊಂಡಳು. ಪೆನ್ ನಂದು, ಲೆಕ್ಕ ಬರೆಯೋ ಪೆನ್. ವಾಪಸ್ ಕೇಳಲಿಲ್ಲ.

ಇಷ್ಟೇ ಕಥೆ. ನಿಮ್ಮ ಮನೇಲೂ ಅರ್ಥ ಗೊತ್ತಿಲ್ಲದೆ ಗುನುಗೋ ಹಾಡು ಇದ್ದರೆ, ಅದನ್ನ ಬಲ್ಲವರು ಇನ್ನೂ ಇದ್ದರೆ, ಈ ಎಪಿಸೋಡ್ ಪಾಸ್ ಮಾಡಿ ಅವರಿಗೊಂದು ಫೋನ್ ಮಾಡಿ. ರೆಕಾರ್ಡ್ ಮಾಡೋ ಮುಂಚೆ ಮಾತ್ರ ಕೇಳಿ. ಮುಂದಿನ ವಾರ ಸಿಗೋಣ.