ಫ್ಯಾನ್ ಕೂಗಿದರೆ ಹೆದರಬೇಡಿ, ಸುಮ್ಮನಾದರೆ ಹೆದರಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ನಾನು ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು. ಇಲ್ಲಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಹೋದರೆ ಬೇಲೂರು. ಈ ದಾರಿಯ ಊರುಗಳಿಂದೆಲ್ಲ ನನ್ನ ಹತ್ತಿರ ಲ್ಯಾಪ್‌ಟಾಪ್ ಬರ್ತವೆ. ಬೇಸಿಗೆ ಶುರುವಾಯ್ತು ಅಂದ್ರೆ ಬಹಳ ಜನರ ದೂರು ಒಂದೇ. "ಅಣ್ಣಾ, ಇದು ಮಿಕ್ಸಿ ಥರ ಕೂಗುತ್ತೆ, ತೊಡೆ ಮೇಲೆ ಇಟ್ಕೊಳ್ಳಕ್ಕೇ ಆಗಲ್ಲ, ಅಷ್ಟು ಬಿಸಿ." ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಹೊಸದೇ ತಗೋಬೇಕಾ?"

ಇವತ್ತು ಮುಖ್ಯವಾಗಿ ಆ ಎರಡನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರೋದೇ ಒಂದು ಲ್ಯಾಪ್‌ಟಾಪ್. ಮಗಳ ಡಿಗ್ರಿ ಪ್ರಾಜೆಕ್ಟು, ಮಗನ ಆಫೀಸ್ ಕೆಲಸ, ಎಲ್ಲ ಅದರಲ್ಲೇ. ಕೊಬ್ಬರಿ ಮಾರಿದ ದುಡ್ಡಿನಲ್ಲೋ, ಕಂತು ಕಟ್ಟಿಯೋ ತಂದಿರ್ತಾರೆ. ಧೂಳು ತೆಗೆದರೆ ಮುಗಿಯುವ ಕೆಲಸಕ್ಕೆ ಇಡೀ ಯಂತ್ರವನ್ನೇ ಗುಜರಿಗೆ ಹಾಕಿದರೆ ಆ ಮನೆಗೆ ಅದು ಸಣ್ಣ ನಷ್ಟ ಅಲ್ಲ.

ಮೊದಲು ಒಳಗೆ ಏನಾಗುತ್ತೆ ನೋಡೋಣ. ಪ್ರೊಸೆಸರ್ ಅನ್ನೋದು ಉಗುರಿನಷ್ಟಗಲದ ಚಿಪ್ಪು. ಕೆಲಸ ಮಾಡಿದಷ್ಟೂ ಅದು ಬಿಸಿಯಾಗುತ್ತೆ. ಆ ಬಿಸಿಯನ್ನು ಒಂದು ತಾಮ್ರದ ಕೊಳವೆ ಅಂಚಿನಲ್ಲಿರುವ ಲೋಹದ ಸಣ್ಣ ಸಣ್ಣ ಪಟ್ಟಿಗಳ ತನಕ ಒಯ್ಯುತ್ತೆ. ಫ್ಯಾನು ಕೆಳಗಿನಿಂದ ಗಾಳಿ ಎಳೆದು ಆ ಪಟ್ಟಿಗಳ ನಡುವೆ ಊದುತ್ತೆ, ಬಿಸಿಗಾಳಿ ಆಚೆ ಹೋಗುತ್ತೆ. ಇಷ್ಟೇ. ಹಾಗಾಗಿ ಫ್ಯಾನು ಜೋರಾಗಿ ತಿರುಗೋದು ರೋಗ ಅಲ್ಲ. ಜ್ವರ ಬಂದಾಗ ಮೈ ಬೆವರೋ ಹಾಗೆ, ಯಂತ್ರ ತನ್ನನ್ನು ತಾನು ಉಳಿಸಿಕೊಳ್ತಾ ಇದೆ ಅಂತ ಅರ್ಥ.

ಬಿಸಿ ಆಚೆ ಹೋಗದೇ ಇದ್ದಾಗ ಏನಾಗುತ್ತೆ? ಈಗಿನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 95 ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದ ಕೂಡಲೇ ತಾವೇ ವೇಗ ಇಳಿಸಿಕೊಳ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಥ್ರಾಟ್ಲಿಂಗ್ ಅಂತಾರೆ. ಅದೂ ಸಾಲದೆ ಇನ್ನೂ ಏರಿದರೆ ಯಂತ್ರ ಪಟ್ ಅಂತ ಆಫ್ ಆಗಿಬಿಡುತ್ತೆ.

ಇದರಿಂದ ನಷ್ಟ ಯಾರಿಗೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಪಹಣಿ, ಜಾತಿ ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಹಳ್ಳಿ ಅಂಗಡಿಯೊಂದರಿಂದ ಲ್ಯಾಪ್‌ಟಾಪ್ ಬಂದಿತ್ತು. ಬೆಳಿಗ್ಗೆ ಸರಿ ಇರುತ್ತೆ, ಹನ್ನೊಂದು ಗಂಟೆ ಆದ ಮೇಲೆ ಒಂದೊಂದು ಪುಟ ತೆರೆಯಕ್ಕೂ ಪರದಾಡುತ್ತೆ. ಅಂಗಡಿಯವರು "ಸರ್ವರ್ ಸ್ಲೋ" ಅಂತಿದ್ರು, ಕೂಲಿ ಬಿಟ್ಟು ಬಂದವರು ನಂಬಿಕೊಂಡು ಕೂತಿರ್ತಿದ್ರು. ಸರ್ವರ್ ಕೈಕೊಡೋದೂ ಉಂಟು ಬಿಡಿ. ಆದರೆ ಅದೇ ಹೊತ್ತಿಗೆ ಪಕ್ಕದ ಮೊಬೈಲಿನಲ್ಲಿ ಅದೇ ಪುಟ ಸಲೀಸಾಗಿ ತೆರೀತಿತ್ತು. ಬಿಚ್ಚಿ ನೋಡಿದರೆ ಫ್ಯಾನಿಗೂ ಲೋಹದ ಪಟ್ಟಿಗಳಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ ಧೂಳಿನ ಪದರ. ಅದನ್ನು ತೆಗೆದು, ಪೇಸ್ಟ್ ಬದಲಿಸಿ ಕೊಟ್ಟೆ. ಯಂತ್ರ ಅದೇ, ಈಗ ಸಂಜೆವರೆಗೂ ಒಂದೇ ವೇಗ.

ನಮ್ಮ ಭಾಗದಲ್ಲಿ ಊರಿಗೊಂದು ಥರ ಧೂಳು. ಅರಸೀಕೆರೆ ಬಯಲುಸೀಮೆ, ಒಣಹವೆ. ಇಲ್ಲಿನ ಫ್ಯಾನುಗಳಲ್ಲಿ ಮಣ್ಣಿನ ಜೊತೆ ತೆಂಗಿನ ನಾರಿನ ಎಳೆಗಳೂ ಸಿಗ್ತವೆ. ನಾರು ಬಲೆಯ ಥರ ಕೂತ್ಕೊಂಡರೆ ಉಳಿದ ಧೂಳೆಲ್ಲ ಅದಕ್ಕೇ ಅಂಟುತ್ತೆ. ಹಳೇಬೀಡಿನ ಕಡೆಯಿಂದ ಬಂದವುಗಳಲ್ಲಿ ಮೆಕ್ಕೆಜೋಳ ಒಕ್ಕಣೆ ಮಾಡಿದಾಗ ಏಳುವ ಹೊಟ್ಟು. ಬೇಲೂರು ಮಲೆನಾಡಿನ ಸೆರಗು. ಮಳೆಗಾಲದ ತೇವಕ್ಕೆ ಧೂಳು ಪುಡಿಯಾಗಿ ಉಳಿಯದೆ ಮೆತ್ತಿಕೊಳ್ಳುತ್ತೆ. ಜೊತೆಗೆ ಎಲ್ಲ ಮನೆಯಲ್ಲೂ ಇರುವ ಊದುಬತ್ತಿ ಹೊಗೆ, ಒಗ್ಗರಣೆ ಜಿಡ್ಡು.

ಬೇಲೂರಿನ ಚೆನ್ನಕೇಶವ ದೇವಸ್ಥಾನ ನೀವು ನೋಡಿರ್ತೀರಿ, ವಿಷ್ಣುವರ್ಧನನ ಕಾಲದ್ದು, 1117ರದ್ದು. ಅಲ್ಲಿ ಗೋಡೆಯ ಜಾಗದಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ. ಒಳಗಿನವರಿಗೆ ಗಾಳಿ ಬೆಳಕು ಬರೋದು ಆ ತೂತುಗಳಿಂದ. ಲ್ಯಾಪ್‌ಟಾಪ್ ತಳದಲ್ಲಿರುವ ಸೀಳುಗಳೂ ಅದೇ ಕೆಲಸದವು. ಜಾಲಂಧ್ರಕ್ಕೆ ಯಾರಾದ್ರೂ ಗೋಣಿಚೀಲ ಕಟ್ತಾರಾ? ಆದರೆ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ, ರಗ್ಗಿನ ಮೇಲೆ ಇಟ್ಟು ನಾವು ಮಾಡೋದು ಅದನ್ನೇ.

ಈಗ ನೀವೇ ಮನೆಯಲ್ಲಿ ಮಾಡಬಹುದಾದದ್ದು. ಮೊದಲು ಗಟ್ಟಿ ಮೇಜಿನ ಮೇಲಿಡಿ, ಹಿಂದಿನ ತುದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಸ್ವಲ್ಪ ಎತ್ತರಿಸಿ, ಸೀಳುಗಳು ಮಾತ್ರ ಮುಚ್ಚಬಾರದು. ಎಷ್ಟೋ ಸಲ ಇಷ್ಟಕ್ಕೇ ಶಬ್ದ ತಗ್ಗುತ್ತೆ. ಶೀಟಿನ ಮನೆಯಾದರೆ ಮಧ್ಯಾಹ್ನದ ಭಾರಿ ಕೆಲಸವನ್ನು ಬೆಳಿಗ್ಗೆಗೆ ಹಾಕ್ಕೊಳ್ಳಿ. ಫ್ಯಾನು ಊದೋದು ಕೋಣೆಯ ಗಾಳಿಯನ್ನೇ. ಕೋಣೆಗಿಂತ ತಣ್ಣಗೆ ಮಾಡೋ ಶಕ್ತಿ ಅದಕ್ಕಿಲ್ಲ.

ಎರಡನೇದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಸಿಪಿಯು ಅನ್ನೋ ಕಾಲಂ ಮೇಲೆ ಒತ್ತಿದರೆ ಯಾವ ಪ್ರೋಗ್ರಾಂ ಹೆಚ್ಚು ತಿಂತಿದೆ ಅಂತ ಮೇಲೆ ಬರುತ್ತೆ. ಅಪ್‌ಡೇಟ್ ಆಗ್ತಿದ್ದರೆ ಮುಗಿಯೋ ತನಕ ಬಿಡಿ. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ಇದ್ದರೆ ಮುಚ್ಚಿ. ಏನೂ ಕೆಲಸ ಇಲ್ಲದಾಗಲೂ ಗೊತ್ತಿಲ್ಲದ ಪ್ರೋಗ್ರಾಂ ಒಂದು ಮೇಲೇ ಕೂತಿದ್ದರೆ ವೈರಸ್ ಸ್ಕ್ಯಾನ್ ಮಾಡಿ.

ಮೂರನೇದು, ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇದ್ದರೆ ಅದನ್ನು 100ರಿಂದ 99ಕ್ಕೆ ಇಳಿಸಿ. ಒಂದು ಪರ್ಸೆಂಟಲ್ಲಿ ಏನಾಗುತ್ತೆ ಅಂತೀರಾ? ಸಾಮಾನ್ಯವಾಗಿ ಅಷ್ಟಕ್ಕೇ ಟರ್ಬೊ ಅನ್ನೋ ಹೆಚ್ಚುವರಿ ಓಟ ನಿಲ್ಲುತ್ತೆ. ಟೈಪಿಂಗ್, ಅರ್ಜಿ, ಪಾಠ ಕೇಳೋದು, ಇದಕ್ಕೆಲ್ಲ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತೆ.

ಇಷ್ಟಾದರೂ ಬಗ್ಗದಿದ್ದರೆ ಕ್ಲೀನಿಂಗ್. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಕೈ ಪಂಪಿನಿಂದ ಸೀಳುಗಳಿಗೆ ಗಾಳಿ ಹೊಡೀಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡೀಬೇಡಿ. ಅದರ ರಭಸಕ್ಕೆ ಫ್ಯಾನಿನ ಬೇರಿಂಗ್ ಹೋಗುತ್ತೆ, ಗಾಳಿಯ ಜೊತೆ ನೀರಿನ ಹನಿಯೂ ಬರುತ್ತೆ. ಒದ್ದೆ ಬಟ್ಟೆ ಬೇಡ, ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ಬಿಚ್ಚೋ ಕೆಲಸ ಗೊತ್ತಿದ್ದವರಿಗೆ ಬಿಡಿ. ಬಿಚ್ಚಿದಾಗ ಥರ್ಮಲ್ ಪೇಸ್ಟೂ ಬದಲಿಸಿ ಅಂತ ಹೇಳಿ. ಚಿಪ್ಪಿಗೂ ತಾಮ್ರಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರ್ತವೆ. ಅಲ್ಲಿ ಗಾಳಿ ನಿಂತರೆ ಬಿಸಿ ದಾಟಲ್ಲ, ಪೇಸ್ಟು ಆ ಸಂದು ತುಂಬುತ್ತೆ. ಕೆಲವು ವರ್ಷಕ್ಕೆ ಅದು ಒಣಗಿ ಬಿರುಕು ಬಿಡುತ್ತೆ. ವಾರಂಟಿ ಇದ್ದರೆ ಮಾತ್ರ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ.

ಈಗ ಶಬ್ದದ ಲೆಕ್ಕ. "ಬುಸ್" ಅಂತ ಬರೀ ಗಾಳಿಯ ಶಬ್ದ ಬಂದರೆ, ಇಲ್ಲಿವರೆಗೆ ಹೇಳಿದ್ದೇ ಮದ್ದು. "ಕರಕರ" ಅಂದರೆ ಬೇರಿಂಗ್ ಸವೆದಿದೆ, ಫ್ಯಾನು ಬದಲಿಸಿ, ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಅದು ಪುಡಿಗಾಸು. ತುಂಬ ಬಿಸಿ ಇದ್ದೂ ಶಬ್ದವೇ ಇಲ್ಲ, ಫ್ಯಾನ್ ಇರುವ ಮಾದರಿಯಲ್ಲೂ ಗಾಳಿ ಆಚೆ ಬರ್ತಿಲ್ಲ ಅಂದರೆ ಫ್ಯಾನು ನಿಂತಿದೆ. ಆವಾಗ ಆಫ್ ಮಾಡಿ ಅಂಗಡಿಗೆ ತನ್ನಿ. ಶಬ್ದ ಕಿರಿಕಿರಿ ಅಂತ ಸಾಫ್ಟ್‌ವೇರ್ ಹಾಕಿ ಫ್ಯಾನನ್ನು ನಿಲ್ಲಿಸೋರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಬಿಸಿಗೆ ಪ್ರೊಸೆಸರ್‌ಗಿಂತ ಮೊದಲು ಸೊರಗೋದು ಬ್ಯಾಟರಿ. ಟಚ್‌ಪ್ಯಾಡ್ ಮೇಲೆದ್ದಿದೆ, ತಳ ಉಬ್ಬಿದೆ, ಮುಚ್ಚಳ ಸರಿಯಾಗಿ ಕೂರ್ತಿಲ್ಲ ಅಂದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಅಂತ ತಿಳ್ಕೊಳ್ಳಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಅದು ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳು ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೇ ಬಿಟ್ಟು ಮಲಗ್ತಾರಲ್ಲ, ಅದನ್ನು ಇವತ್ತೇ ನಿಲ್ಲಿಸಿ.

ಹಾಗಾದ್ರೆ ಹೊಸದು ಯಾವಾಗ? ಕ್ಲೀನ್ ಮಾಡಿ, ಪೇಸ್ಟ್ ಬದಲಿಸಿ, ಫ್ಯಾನು ಸರಿ ಮಾಡಿದ ಮೇಲೂ ನಿಮ್ಮ ಕೆಲಸಕ್ಕೆ ಅದರ ವೇಗ ಸಾಲದೇ ಹೋದರೆ. ಯಾರಾದ್ರೂ ಬಿಚ್ಚಿ ನೋಡದೇ "ಬೋರ್ಡ್ ಹೋಗಿದೆ" ಅಂದರೆ, "ಒಂದ್ಸಲ ನನ್ನೆದುರಿಗೇ ಬಿಚ್ಚಿ ತೋರಿಸಿ" ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ, ಯಂತ್ರ ನಿಮ್ಮದು.