ಕಾಲು ತೆಗೆದರೆ ಪೆಡಲ್ ಮರಳಿ ಬರಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕಾರಿನ ವಿಷಯ ಮಾತನಾಡುತ್ತಾರೆಂದರೆ ನಿಮಗೆ ನಗು ಬರಬಹುದು. ಕಾರಣ ಇಷ್ಟೇ. ನನ್ನಲ್ಲಿ ಓದಿ ಈಗ ಪಾಲಿಟೆಕ್ನಿಕ್ ಸೇರಿರುವ ಮೂವರು ಹುಡುಗರು ಶಿವಾಜಿನಗರದ ಗುಜರಿಯಲ್ಲಿ ಹಳೆಯ ಮಾರುತಿ 800ರ ಎಂಜಿನ್ ಕೊಂಡು, ಕೆ.ಆರ್. ಪುರದ ಒಂದು ಶೆಡ್ಡಿನಲ್ಲಿ ತಮ್ಮದೇ ಪುಟ್ಟ ಕಾರು ಕಟ್ಟುತ್ತಿದ್ದಾರೆ. ಅದರ ವರದಿಯ ಕನ್ನಡ ತಿದ್ದಿಕೊಡಿ ಎಂದು ಬಂದರು. ಎಂಜಿನ್ ಸೀಟಿನ ಹಿಂದೆ, ಪೆಡಲ್ ಮುಂದೆ. ನಡುವೆ ಕಬ್ಬಿಣದ ರಾಡ್ ಹಾಕುವುದೋ, ಕೇಬಲ್ ಎಳೆಯುವುದೋ ಎಂದು ಎರಡು ಪುಟ ಚರ್ಚೆ ಇತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: "ಕಾಲು ತೆಗೆದ ಮೇಲೂ ಅದು ಸಿಕ್ಕಿಕೊಂಡೇ ಇದ್ದರೆ ಗಾಡಿ ಏನಾಗುತ್ತದೆ?" ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವರೊಡನೆ ಕೂತು ನಾನು ಕಲಿತದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಗ್ಯಾರೇಜುಗಳಲ್ಲಿ "ರೇಸ್ ಕೊಡು" ಎನ್ನುತ್ತಾರಲ್ಲ, ಅದು ನಿಜವಾಗಿ ಗಾಳಿಯ ಲೆಕ್ಕ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ದುಂಡನೆಯ ತಗಡಿನ ಬಾಗಿಲೊಂದಿದೆ. ಅದೇ ಥ್ರಾಟಲ್. ಪೆಡಲ್ ಒತ್ತಿದರೆ ಅದು ಸುಮಾರು ಕಾಲು ಸುತ್ತು ತಿರುಗಿ ತೆರೆಯುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಪೆಡಲನ್ನೂ ಈ ಬಾಗಿಲನ್ನೂ ಸೇರಿಸುವ ಕೊಂಡಿಯಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ರಾಡ್. ಗಟ್ಟಿ, ನೇರ, ಬೇಗ ಸವೆಯದು. ಆದರೆ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಎಳೆತ ಬಿದ್ದಾಗ ಅಲುಗಾಡುತ್ತದೆ. ಚಾಸಿಸ್ ಅಲುಗದೆ ಎಂಜಿನ್ ಮಾತ್ರ ಅಲುಗಿದರೆ, ನಡುವಿನ ರಾಡ್ ನಿಮ್ಮ ಕಾಲನ್ನು ಕೇಳದೆಯೇ ಥ್ರಾಟಲನ್ನು ಎಳೆದುಬಿಡಬಹುದು. ಎರಡನೆಯದು ಕೇಬಲ್. ಹೊರಗವಚದೊಳಗೆ ಜಾರುವ ಉಕ್ಕಿನ ತಂತಿ. ಎಂಜಿನ್ ಅಲುಗಿದರೆ ಇದೂ ಜೊತೆಗೆ ಬಾಗುತ್ತದೆ. ಮಾರುತಿ 800ರಲ್ಲಿ ಇದ್ದದ್ದೂ ಕೇಬಲ್ಲೇ. ಮೂರನೆಯದು ವಿದ್ಯುತ್ ಸಂಕೇತ. ಪೆಡಲಿನಲ್ಲಿ ಸೆನ್ಸರ್ ಇರುತ್ತದೆ. ಕಂಪ್ಯೂಟರ್ ಹೇಳಿದಂತೆ ಸಣ್ಣ ಮೋಟಾರು ಬಾಗಿಲು ತೆರೆಯುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೆ ಹಿಡಿಯಲು ಇನ್ನೊಂದು ಇರಲೇಬೇಕು. ಶೆಡ್ಡಿನಲ್ಲಿ ಕೈಯಿಂದ ಮಾಡುವ ಕೆಲಸ ಇದಲ್ಲ.

ಹಾಗಾಗಿ ಹುಡುಗರಿಗೆ ಉಳಿದದ್ದು ಕೇಬಲ್. ಹಳೆಯ ಕೇಬಲ್ ಹಿಂದಿನ ಎಂಜಿನ್‌ವರೆಗೆ ಎಟುಕದು. ಎರಡು ತುಂಡು ಜೋಡಿಸಬೇಡಿ, ಅಳತೆಗೆ ಒಂದೇ ಉದ್ದದ್ದನ್ನು ಮಾಡಿಸಿ. ತೀರಾ ಚಿಕ್ಕ ತಿರುವು ಕೊಡಬೇಡಿ. ಬಾಗಿದಷ್ಟೂ ಉಜ್ಜಾಟ ಹೆಚ್ಚು. ತುದಿಯಲ್ಲಿ ಒಂದೆಳೆ ಬಿಚ್ಚಿಕೊಂಡಿದ್ದರೂ ಬದಲಿಸಿ. ಗುಜರಿಯಲ್ಲಿ ಏನೇ ಕೊಂಡರೂ ಬಿಲ್ ಕೇಳಿ ಪಡೆಯಿರಿ. ಕದ್ದ ಮಾಲು ನಮ್ಮ ಗಾಡಿಗೆ ಬರಬಾರದು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಎಸ್.ಎ.ಇ. ಅಮೆರಿಕದಲ್ಲಿ ಆರಂಭವಾಯಿತು. ಅದರ ನಿಯಮಗಳು ನಮಗೂ ಪಾಠ. ಥ್ರಾಟಲ್ ಬಳಿ ಕನಿಷ್ಠ ಎರಡು ಸ್ಪ್ರಿಂಗ್ ಇರಬೇಕು. ಯಾವುದೇ ಒಂದು ಭಾಗ ಕೆಟ್ಟರೂ ಬಾಗಿಲು ಮುಚ್ಚಿಕೊಳ್ಳಬೇಕು. ಕೇಬಲ್ ಸೈಲೆನ್ಸರ್ ಕೊಳವೆಗಳಿಂದ ಕನಿಷ್ಠ 50 ಮಿ.ಮೀ. ದೂರವಿರಬೇಕು. ಪೆಡಲಿಗೆ ಗಟ್ಟಿಯಾದ ತಡೆ ಬೇಕು. ಇಲ್ಲದಿದ್ದರೆ ಕಾಲಿನ ಭಾರವೆಲ್ಲ ಕೇಬಲ್ ಮೇಲೆ ಬೀಳುತ್ತದೆ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2009-10ರಲ್ಲಿ ಪೆಡಲ್ ಮ್ಯಾಟಿಗೆ ಸಿಕ್ಕಿಕೊಳ್ಳುವುದು, ಬಿಗಿದುಕೊಳ್ಳುವುದು ಎಂಬ ಕಾರಣಗಳಿಗೆ ಟೊಯೊಟಾ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಂಡಿತು.

ಈಗ ನಿಮ್ಮ ಗಣಿತ ಪುಸ್ತಕಕ್ಕೆ ಬನ್ನಿ. ಪೆಡಲಿನ ಕೀಲಿನಿಂದ ಪಾದ ಇಡುವ ಜಾಗ 200 ಮಿ.ಮೀ., ಕೇಬಲ್ ಸಿಕ್ಕಿಸುವ ರಂಧ್ರ 50 ಮಿ.ಮೀ. ಎನ್ನಿ. ಪಾದ 80 ಮಿ.ಮೀ. ಸರಿದರೆ ಕೇಬಲ್ ಸರಿಯುವುದು ಅದರ ಕಾಲು ಭಾಗ, 20 ಮಿ.ಮೀ. ಥ್ರಾಟಲ್ ತುದಿಯ ಚಕ್ರದ ತ್ರಿಜ್ಯ 20 ಮಿ.ಮೀ. ಇದ್ದರೆ ಕಾಲು ಸುತ್ತಿಗೆ ಬೇಕಾದದ್ದು ಸುಮಾರು 31 ಮಿ.ಮೀ. ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಬಾಗಿಲು ಪೂರ್ತಿ ತೆರೆಯದು. ಇಂಥ ಗಾಡಿಗೆ ದಮ್ಮಿಲ್ಲ ಎಂದು ಒಳ್ಳೆಯ ಎಂಜಿನ್ನನ್ನೇ ಬಿಚ್ಚಿಹಾಕುವುದುಂಟು. ರಂಧ್ರವನ್ನು ಕೀಲಿನಿಂದ 79 ಮಿ.ಮೀ. ದೂರಕ್ಕೆ ಸರಿಸಿದರೆ ಲೆಕ್ಕ ಕೂಡುತ್ತದೆ. ಸಮರೂಪ ತ್ರಿಭುಜ, ವೃತ್ತದ ಕಂಸ ಯಾವುದಕ್ಕೆ ಎಂದು ಕೇಳುತ್ತೀರಲ್ಲ, ಇದಕ್ಕೆ.

ಎಲ್ಲ ಜೋಡಿಸಿದ ಮೇಲೆ, ಎಂಜಿನ್ ಹೊತ್ತಿಸುವ ಮೊದಲೇ ಒಂದು ಸ್ಪ್ರಿಂಗ್ ಬಿಚ್ಚಿ ಪೆಡಲ್ ಒತ್ತಿ ಬಿಡಿ. ಅದನ್ನು ಸಿಕ್ಕಿಸಿ, ಇನ್ನೊಂದನ್ನು ಬಿಚ್ಚಿ ಮತ್ತೆ ನೋಡಿ. ಎರಡು ಸಲವೂ ಬಾಗಿಲು ತಾನಾಗಿ ಮುಚ್ಚಬೇಕು. ಎಂಜಿನ್ ಆರಿಸುವ ಸ್ವಿಚ್ ಕೈಗೆ ಎಟುಕುವಂತಿರಲಿ. ಗಾಡಿಯನ್ನು ಬೇಲಿ ಇರುವ ಮೈದಾನದಲ್ಲಿ, ಹಿರಿಯರೆದುರು ಮಾತ್ರ ಓಡಿಸಿ. ನೋಂದಣಿ ಇಲ್ಲದ ವಾಹನ ರಸ್ತೆಗೆ ಇಳಿಯುವಂತಿಲ್ಲ. ನೋಂದಣಿಯಾದ ವಾಹನವನ್ನು ಮನಬಂದಂತೆ ಬದಲಿಸುವುದನ್ನೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಹಲಸೂರು ಕೆರೆಯ ದಂಡೆಯೋ ಇಂದಿರಾನಗರದ 100 ಅಡಿ ರಸ್ತೆಯೋ ನಿಮ್ಮ ಪ್ರಯೋಗಶಾಲೆಯಲ್ಲ. ಅಲ್ಲಿ ನಡೆಯುವವರು ಯಾರದೋ ಅಮ್ಮಿ, ಯಾರದೋ ಅಬ್ಬಾ.

ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭಾರ ಹಾಕಲೇ ಎಂದು ಕೇಳಿದವನಿಗೆ ಪ್ರವಾದಿಯವರು (ಸ) ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದರೆಂಬುದು ನಿಮಗೆಲ್ಲ ಗೊತ್ತು. ಎರಡನೆಯ ಸ್ಪ್ರಿಂಗ್ ಹಾಕುವುದೂ ಒಂಟೆ ಕಟ್ಟಿದಂತೆಯೇ.

ಪೋಷಕರಲ್ಲಿ ಒಂದು ವಿನಂತಿ. ನಮ್ಮ ಕಂಟೋನ್ಮೆಂಟ್ ಕಡೆಯ ಎಷ್ಟೋ ಹುಡುಗರ ಕೈ ಪಾನಾ ಹಿಡಿಯುವುದರಲ್ಲಿ ಬಹಳ ಚುರುಕು. ಅದನ್ನೇ ನೆಪ ಮಾಡಿ ಎಂಟನೆಯ, ಒಂಬತ್ತನೆಯ ತರಗತಿಗೇ ಅವರನ್ನು ಶಾಲೆ ಬಿಡಿಸಬೇಡಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಡಿಪ್ಲೊಮಾ ಇದೆ, ಅಲ್ಲಿಂದ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಕೇಬಲ್ ಕಟ್ಟಲು ಉಸ್ತಾದ್ ಕಲಿಸುತ್ತಾರೆ. ರಂಧ್ರ 50ಕ್ಕೋ 79ಕ್ಕೋ ಎಂದು ಹೇಳಲು ಲೆಕ್ಕ ಬರಬೇಕು. ಹುಡುಗನಿಗೆ ಎರಡೂ ಸಿಗಲಿ. ಆಸಕ್ತಿಯಿದ್ದರೆ ಹುಡುಗಿಗೂ ಸಿಗಲಿ.

ಆ ಮೂವರು ವರದಿಯನ್ನು ತಿದ್ದಿ ತಂದಿದ್ದಾರೆ. ಮೊದಲ ಪುಟದಲ್ಲೇ ಬರೆದಿದ್ದಾರೆ: ಕಾಲು ತೆಗೆದರೆ ಥ್ರಾಟಲ್ ಹೇಗೆ ಮುಚ್ಚುತ್ತದೆ. ಆ ವಾಕ್ಯದಲ್ಲಿ ನಾನು ಒಂದು ಒತ್ತಕ್ಷರ ಮಾತ್ರ ತಿದ್ದಬೇಕಾಯಿತು. ಅಲ್ಲಾಹನು ನಿಮ್ಮೆಲ್ಲರ ಕೈಗೂ ಬುದ್ಧಿಗೂ ಬರಕತ್ ನೀಡಲಿ. ಆಮೀನ್.